‘ಹೌದ್ರಿ’ ಅನ್ನುವವರ ವಾರ್ಡಿನಲ್ಲಿ ಆರು ವಾರ

ಆಳಂದ

ನಾನು ಐರ್ಲೆಂಡಿಗೆ ಹೋದದ್ದು ಊರು ನೋಡಲಿಕ್ಕಲ್ಲ. ಮೊಬೈಲಿನಷ್ಟೇ ದೊಡ್ಡದಿರುವ ಒಂದು ಸ್ಕ್ಯಾನರ್ ಬಳಸುವುದನ್ನು ಕಲಿತು, ಕಲಿತಿದ್ದೇನೆ ಎಂದು ಅಲ್ಲಿಯವರ ಸಹಿ ಹಾಕಿಸಿಕೊಂಡು ಬರಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಟೆ, ಕಡಲು, ಕುರಿಮಂದೆ ಎಂದು ಕಾದು ಕೂತವರಿಗೆ ಆಮೇಲೆ ಬೇಜಾರಾಗಬಾರದು.

ನನ್ನ ಹೆಸರು ಮಹಾದೇವಿ. ಊರು ನರೋಣಾ. ಹದಿನೈದು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ನಮ್ಮ ಟ್ರಸ್ಟಿಗೆ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಒಂದೊಂದು ಸಣ್ಣ ಆಸ್ಪತ್ರೆ ಇದೆ, ಮೂರರ ನೀರೂ ಕುಡಿದಿದ್ದೇನೆ. ಹೋದ ವರ್ಷ ನಮ್ಮ ಟ್ರಸ್ಟಿನ ಸೆಕ್ರೆಟರಿ ಸಾಹೇಬರು ಮೂರೂ ಆಸ್ಪತ್ರೆಗೆ ಈ ಸ್ಕ್ಯಾನರ್ ತರಿಸುವುದೆಂದು ನಿಶ್ಚಯಿಸಿದರು. ರೋಗಿಯ ಮುಂಗೈಗೆ ಒಂದು ಪಟ್ಟಿ ಕಟ್ಟಿರುತ್ತದೆ. ಸ್ಕ್ಯಾನರನ್ನು ಅದಕ್ಕೆ ಹಿಡಿದರೆ ಆ ರೋಗಿಯ ಕೇಸ್ ಶೀಟ್ ತೆರೆಯುತ್ತದೆ, ಆಮೇಲೆ ಗುಳಿಗೆಯ ಪೊಟ್ಟಣಕ್ಕೆ ಹಿಡಿಯಬೇಕು. ಎರಡೂ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಜ್ವರ, ಬಿ.ಪಿ. ಎಲ್ಲವನ್ನೂ ಮಂಚದ ಪಕ್ಕದಲ್ಲೇ ನಿಂತು ಅದರಲ್ಲೇ ಬರೆಯಬಹುದು. ನಮ್ಮ ಕಡೆಯ ಡಾಕ್ಟರೊಬ್ಬರು ಐರ್ಲೆಂಡಿನಲ್ಲಿದ್ದಾರೆ, ತಮ್ಮ ಆಸ್ಪತ್ರೆಯಲ್ಲಿ ಒಬ್ಬ ನರ್ಸಿಗೆ ಆರು ವಾರ ಕಲಿಸುತ್ತೇವೆ ಎಂದು ಅವರು ಒಪ್ಪಿಕೊಂಡರು.

ಹೊರಡುವ ಮುಂಚೆ ಸಾಹೇಬರು ಕರೆದು ಖಡಕ್ಕಾಗಿ ಹೇಳಿದರು.

"ನೋಡ್ರಿ ಸಿಸ್ಟರ್, ಸರ್ಟಿಫಿಕೇಟ್ ತಂದ್ರಿ ಅಂದ್ರ ಮೂರೂ ಕಡೆ ಕಲಸೂದು ನಿಮ್ಮ ಕೈಯಾಗ. ನೀವು ಹೇಳ್ದಂಗ ನಡೀತದ. ತರ್ಲಿಲ್ಲಂದ್ರ ಕಂಪನಿ ಇಂಜಿನಿಯರ್ ಬರ್ತಾನ, ಅಂವ ಹೇಳ್ದಂಗ ನೀವು ಮಾಡ್ರಿ."

"ಆ ಇಂಜಿನಿಯರ್ ಎಂದಾರ ರೋಗಿನ್ನ ಮಗ್ಗಲು ಹೊಳ್ಳಿಸ್ಯಾನೇನ್ರಿ?" ಎಂದೆ.

"ಬಾಯಿ ಭಾಳ ಆತು ನಿಮ್ದು" ಎಂದು ನಕ್ಕರು. ಅವರು ನಕ್ಕರೂ ನನಗೆ ನಗು ಬರಲಿಲ್ಲ. ಎಂದೂ ಒಬ್ಬರ ಬಾಯಿಗೆ ಗುಳಿಗೆ ಹಾಕದವನು ಬಂದು, ಗುಳಿಗೆ ಹೇಗೆ ಕೊಡಬೇಕೆಂದು ನಮಗೆ ಕಲಿಸುವುದೇ? ಸಹಿ ತರದೆ ತಿರುಗಿ ಬರುವುದಿಲ್ಲ ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ವಿಮಾನ ಇಳಿದ ಮೇಲೆ

ನಮ್ಮ ಅತ್ತೆ ಒಂದು ಹೊರೆ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಬಾಟಲಿ ಎಮ್ಮೆ ತುಪ್ಪ ಕಟ್ಟಿ ಕೊಟ್ಟಿದ್ದರು. ಸಾಮಾನು ತಪಾಸಣೆಯವನು ಚೀಲ ಬಿಚ್ಚಿಸಿದ. ರೊಟ್ಟಿಯೊಂದನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದ, ಟಕ್ ಟಕ್ ಎಂದಿತು. ಏನಿದು ಎಂದ. ಊಟ ಎಂದೆ. ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಬಡಿದ. ನಾನು ಒಂದು ಚೂರು ಮುರಿದು ಹಿಂಡಿ ಹಚ್ಚಿ ಅವನ ಮುಂದೆಯೇ ತಿಂದೆ. ರೊಟ್ಟಿ, ಹಿಂಡಿ ಬಿಟ್ಟ. ತುಪ್ಪ ಮಾತ್ರ ಬಿಡಲಿಲ್ಲ. ಹಾಲಿನ ಪದಾರ್ಥ ಹೊರಗಿನಿಂದ ತರುವಂತಿಲ್ಲವಂತೆ. ಮನೆಯಲ್ಲಿ ಕಾಸಿದ್ದು, ನಮ್ಮ ಅತ್ತೆಯೇ ಕಾಸಿದ್ದು ಎಂದು ಹತ್ತು ನಿಮಿಷ ವಾದಿಸಿದೆ. ಅವನು ಹತ್ತು ಸಲ ಸಾರಿ ಎಂದು ಬಾಟಲಿ ಇಟ್ಟುಕೊಂಡ. ಆ ಆರು ವಾರದಲ್ಲಿ ನಾನು ಸೋತ ಜಗಳ ಅದೊಂದೇ.

ಮೊದಲ ವಾರ

ಊರಿನ ಹೆಸರು ಬರೆಯುವುದಿಲ್ಲ, ಆಸ್ಪತ್ರೆಯವರಿಗೆ ಮುಜುಗರ ಬೇಡ. ಪಶ್ಚಿಮದ ಕಡಲ ದಂಡೆಯಲ್ಲಿ ನಮ್ಮ ಆಳಂದಕ್ಕಿಂತ ಸಣ್ಣ ಊರು. ಮಳೆ ಬಂದು ಹೋಗುವುದಿಲ್ಲ, ಅಲ್ಲೇ ಇರುತ್ತದೆ. ಬಸ್ಸಿನಿಂದ ಇಳಿಯುವವರು ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಮೊದಲ ದಿನ ನಾನು ನಮ್ಮ ಕಲಬುರಗಿ ಬಸ್ಸಿನ ರೂಢಿಯಂತೆ ಹಿಂದಿನ ಬಾಗಿಲು ಹುಡುಕಿ, ಸಿಗದೆ, ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದೆ. ನಾನು ದೂಡಿದವರೆಲ್ಲ ನನಗೇ ಸಾರಿ ಎಂದರು. ಇಂಥವರ ಜೊತೆ ಜಗಳ ಮಾಡುವುದು ಭಾರೀ ಕಷ್ಟ.

ನನಗೆ ಕಲಿಸಿ, ಕೊನೆಗೆ ಸಹಿ ಹಾಕಬೇಕಾದವರು ಮೊರೀನ್. ಐವತ್ತೈದರ ಹೆಂಗಸು, ತೆಳ್ಳಗೆ, ಕಟ್ಟುನಿಟ್ಟು. ಇಡೀ ಆಸ್ಪತ್ರೆಗೆ ಈ ಸ್ಕ್ಯಾನರ್ ಕಲಿಸುವುದೇ ಅವರ ಕೆಲಸ. ನಡಿಗೆ ಎಷ್ಟು ಬಿರುಸೆಂದರೆ ಅವರ ಹಿಂದೆ ಹೋಗುವಾಗ ನನಗೆ ಏದುಸಿರು ಬರುತ್ತಿತ್ತು. ಗುಳಿಗೆ ಕೊಡುವ ಮುಂಚೆ ಪಟ್ಟಿ ಸ್ಕ್ಯಾನ್ ಮಾಡಬೇಕು, ಜೊತೆಗೆ ಹೆಸರು ಮತ್ತು ಹುಟ್ಟಿದ ದಿನಾಂಕ ಕೇಳಬೇಕು ಎಂದು ನಿಯಮ ಹೇಳಿದರು.

"ನಮ್ಮಲ್ಲಿ ಹುಟ್ಟಿದ ದಿನಾಂಕ ಉಪಯೋಗಕ್ಕೆ ಬರುವುದಿಲ್ಲ" ಎಂದೆ.

"ಯಾಕೆ?"

"ನನ್ನ ಕಾಗದ ನೋಡಿ. ಜೂನ್ ಒಂದು. ನನ್ನ ಗಂಡನದೂ ಜೂನ್ ಒಂದು. ಸಾಲಿಗೆ ಹೆಸರು ಹಚ್ಚಲು ಹೋದಾಗ ನಮ್ಮ ಹೆಡ್ ಮಾಸ್ತರರು ಎಲ್ಲರಿಗೂ ಅದನ್ನೇ ಬರೆದರು. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಅವತ್ತೇ ಹುಟ್ಟಿದವರು."

ಮೊರೀನ್ ಗೋಡೆ ಹಿಡಿದು ನಕ್ಕರು. "ಹಾಗಾದರೆ ನೀವು ಏನು ಕೇಳುತ್ತೀರಿ?"

"ಹೆಸರು ನೀವೇ ಹೇಳಿ ಎನ್ನುತ್ತೇನೆ. ಆಮೇಲೆ ಯಾವೂರು ಎಂದು ಕೇಳುತ್ತೇನೆ. ಅವರ ಬಾಯಿಂದ ಬರುವವರೆಗೆ ಗುಳಿಗೆ ಕೈಬಿಡುವುದಿಲ್ಲ."

ಅದು ನನ್ನ ಹಟ. ಈ ಹಟ ಎಲ್ಲಿಂದ ಬಂತೆಂದು ಮೊರೀನ್‌ಗೆ ಅವತ್ತು ಹೇಳಲಿಲ್ಲ. ಓದುವವರಿಗೆ ಹೇಳುತ್ತೇನೆ.

ನೌಕರಿಯ ಮೂರನೇ ವರ್ಷ ನಾನು ಜೇವರ್ಗಿಯಲ್ಲಿದ್ದೆ. ಹೆಂಗಸರ ವಾರ್ಡಿನಲ್ಲಿ ಫ್ಯಾನಿನ ಕೆಳಗಿನ ಮಂಚ ಮಲ್ಲಮ್ಮನದು. ಆಕೆಗೆ ಊಟಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಸೂಜಿ ಕೊಡಬೇಕು. ಕೈಯಲ್ಲಿ ಸೂಜಿ ಹಿಡಿದು ಹೋಗಿ, "ಮಲ್ಲಮ್ಮ ಏನ್ರಿ?" ಎಂದೆ. "ಹೌದ್ರಿ" ಎಂದಳು. ಸೂಜಿ ಚುಚ್ಚಿದೆ. ಮಲ್ಲಮ್ಮ ನಳದ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ಮಂಚದ ಮೇಲೆ ಮಲಗಿದ್ದವಳು ಪಕ್ಕದ ಮಂಚದ ಕಾಶೀಬಾಯಿ, ಸೆಕೆಗೆ ಫ್ಯಾನಿನ ಕೆಳಗೆ ಬಂದು ಅಡ್ಡಾಗಿದ್ದಳು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವತು, ಕಣ್ಣು ಮೇಲಾದವು. ಗ್ಲೂಕೋಸ್ ಏರಿಸಿ ಉಳಿಸಿಕೊಂಡೆವು. ಎಚ್ಚರವಾದ ಮೇಲೆ, "ಹೌದ್ರಿ ಅಂತ ಯಾಕ ಅಂದಿಯವ್ವಾ?" ಎಂದು ಕೇಳಿದೆ.

"ಸಿಸ್ಟರ್ ಬಾಯಿಬಿಟ್ಟು ಕೇಳ್ದಾಗ ಇಲ್ಲಂತ ಹ್ಯಾಂಗ ಅನ್ಲಿರಿ" ಎಂದಳು.

ನಮ್ಮ ಹಿರಿಯ ಸಿಸ್ಟರ್ ನನ್ನನ್ನು ಬದಿಗೆ ಕರೆದರು. "ಎದ್ದು ಕುಂತಾಳಲ್ಲ, ಸಾಕು. ಇದನ್ನ ಬರಿಯೂದು ಬ್ಯಾಡ" ಎಂದರು. ನಾನು ಬರೆಯಲಿಲ್ಲ. ಹೌದು ಎಂದು ಉತ್ತರ ಬರುವಂಥ ಪ್ರಶ್ನೆಯನ್ನು ಅಂದಿನಿಂದ ಯಾವ ರೋಗಿಗೂ ಕೇಳಿಲ್ಲ. ಆದರೆ ಬರೆಯಲಿಲ್ಲವೆಂಬುದು ಮಾತ್ರ ಒಳಗೇ ಉಳಿಯಿತು.

ಮೂರನೇ ವಾರ

ನನ್ನನ್ನು ಹಾಕಿದ್ದು ವಯಸ್ಸಾದ ಗಂಡಸರ ವಾರ್ಡಿಗೆ. ಎಲ್ಲರೂ ಸುತ್ತಲಿನ ಹಳ್ಳಿಯ ಒಕ್ಕಲುತನದವರು, ದನ ಕುರಿ ಸಾಕಿದವರು. ಅವರ ಇಂಗ್ಲಿಷ್ ಹೊಸದಾಗಿ ಬಂದವರಿಗೆ ತಿಳಿಯುವುದಿಲ್ಲ ಎಂದು ಎಲ್ಲರೂ ಹೆದರಿಸಿದ್ದರು. ನನಗೆ ಎರಡು ದಿನದಲ್ಲಿ ತಿಳಿಯತೊಡಗಿತು. ಮಾತಿನ ಧಾಟಿ ನಮ್ಮ ಕಡೆಯದೇ. ಆದ್ದರಿಂದ ಅವರ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಯಾರೂ ತಪ್ಪು ತಿಳಿಯಬೇಡಿ.

ಒಂದು ವಿಷಯ ಬೇಗನೆ ಗಮನಕ್ಕೆ ಬಂತು. ಈ ಮುದುಕರು ಏನು ಕೇಳಿದರೂ, ಎಲ್ಲ ಸರಿಯಿದೆ ಎಂಬಂತೆ, ‘ಗ್ರ್ಯಾಂಡ್’ ಎನ್ನುತ್ತಾರೆ. ನಿದ್ದೆ ಬಂತೇ? ಗ್ರ್ಯಾಂಡ್. ಚಹಾ ಆರಿಹೋಗಿದೆಯೇ? ಗ್ರ್ಯಾಂಡ್. ಕಾಲು ನೋಯುತ್ತಿದೆಯೇ? ಹಲ್ಲು ಕಚ್ಚಿ, ಗ್ರ್ಯಾಂಡ್. ಮೂರು ಸಮುದ್ರ ದಾಟಿ ಬಂದರೆ ಇಲ್ಲೂ ಕಾಶೀಬಾಯಿಯೇ ಮಲಗಿದ್ದಾಳೆ ಎನಿಸಿತು.

ಹಾಗಾಗಿ ನಾನು ನನ್ನ ಪ್ರಶ್ನೆ ಬಿಡಲಿಲ್ಲ. ಹೆಸರು ನೀವೇ ಹೇಳಿ, ಯಾವೂರು? ಇದರಿಂದ ಒಂದು ತೊಂದರೆಯಾಯಿತು. ಯಾವೂರು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದೇ ತಡ, ಗುಡ್ಡದ ಆಚೆಯ ಹೊಲ, ಅಣ್ಣತಮ್ಮಂದಿರ ಪಾಲು, ಸತ್ತ ಕುದುರೆ ಎಲ್ಲ ಹೊರಬಂದವು. ಹೊಟ್ಟೆಯೊಳಗೆ ರಕ್ತ ಸೋರಿ ಆಸ್ಪತ್ರೆ ಸೇರಿದ್ದ ಮೈಕಲ್ ಅಜ್ಜನಂತೂ ನನ್ನ ಕೈ ಬಿಡುತ್ತಿರಲಿಲ್ಲ.

"ನಿಮ್ಮೂರಾಗ ಏನ್ ಬೆಳೀತೀರಿ?" ಎಂದು ಕೇಳುತ್ತಿದ್ದ.

"ತೊಗರಿ, ಜೋಳ. ಭೂಸನೂರ ಕಡೆ ಕಬ್ಬು."

"ಮಳಿ?"

"ಬಂದ್ರ ಬಂತು."

"ಬೇಕಂದ್ರ ನಮ್ದು ಒಯ್ಯಿ" ಎಂದು ಕಿಟಕಿ ತೋರಿಸುತ್ತಿದ್ದ.

ಸ್ಕ್ಯಾನರ್ ಮಾತ್ರ ಇದನ್ನೆಲ್ಲ ಕೇಳುವುದಿಲ್ಲ. ಎಂಟು ಗಂಟೆಯ ಗುಳಿಗೆ ಒಂಬತ್ತರ ಒಳಗೆ ಕೊಡದಿದ್ದರೆ ಅದರಲ್ಲಿ ಕೆಂಪು ಬೀಳುತ್ತದೆ. ದಿನಾ ನನ್ನ ಹೆಸರಿನ ಮುಂದೆ ಮೂರು ನಾಲ್ಕು ಕೆಂಪು. ಮೊರೀನ್ ಸಂಜೆ ಆ ದಿನದ ಲೆಕ್ಕ ತೆಗೆದು ತೋರಿಸಿ, ಇಷ್ಟು ಕೆಂಪಿನ ಮೇಲೆ ತಾವು ಸಹಿ ಹಾಕಲು ಬರುವುದಿಲ್ಲ ಎಂದರು. ನಾನು ಮಾತು ಕಡಿಮೆ ಮಾಡಿದೆ, ನಡಿಗೆ ಚುರುಕು ಮಾಡಿದೆ. ಪ್ರಶ್ನೆ ಬಿಡಲಿಲ್ಲ. ಕೆಂಪು ಎರಡಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಬರಲಿಲ್ಲ.

ಐದನೇ ವಾರ

ಉಳಿದ ನರ್ಸುಗಳಿಗೆ ಯಾಕೆ ಕೆಂಪು ಬೀಳುವುದಿಲ್ಲ ಎಂಬುದು ಐದನೇ ವಾರದಲ್ಲಿ ತಿಳಿಯಿತು. ಮುದುಕರ ಪಟ್ಟಿ ಸ್ವೆಟರಿನ ತೋಳಿನೊಳಗೆ ಇರುತ್ತದೆ, ಕೆಲವರು ಕೈ ಮಡಚಿ ಮಲಗಿರುತ್ತಾರೆ. ಅದಕ್ಕೆ ಎಲ್ಲರ ಪಟ್ಟಿಯನ್ನೂ ಇನ್ನೊಂದು ಪ್ರತಿ ತೆಗೆದು, ಒಂದು ರಟ್ಟಿಗೆ ಸಾಲಾಗಿ ಅಂಟಿಸಿ, ಔಷಧಿ ಗಾಡಿಯ ಮೇಲೆ ಇಟ್ಟುಕೊಂಡಿದ್ದರು. ಗಾಡಿಯ ಹತ್ತಿರ ನಿಂತಲ್ಲೇ ರಟ್ಟಿನ ಮೇಲಿನ ಪಟ್ಟಿ ಸ್ಕ್ಯಾನ್, ಪೊಟ್ಟಣ ಸ್ಕ್ಯಾನ್, ಹಸಿರು. ಆಮೇಲೆ ಗುಳಿಗೆ ಹಾಕಿದ ಬಟ್ಟಲುಗಳನ್ನು ಹಂಚುತ್ತ ಹೋಗುವುದು. ಹೀಗೆ ಮಾಡಬಾರದೆಂದು ನಿಯಮವಿದೆ. ಜನ ಕಡಿಮೆ, ಕೆಲಸ ಜಾಸ್ತಿ, ಎಲ್ಲರೂ ನೋಡಿಯೂ ನೋಡದಂತೆ ಇದ್ದರು. ಅವರನ್ನು ಬೈಯಲು ನನಗೆ ಬಾಯಿಲ್ಲ, ನಮ್ಮ ಆಸ್ಪತ್ರೆಗಳಲ್ಲಿ ಇಂಥ ಒಳದಾರಿ ಎಷ್ಟಿವೆ ಎಂದು ನನಗೆ ಗೊತ್ತು.

ಸಹಿ ಹಾಕುವ ಮುಂಚೆ ಮೊರೀನ್ ನನ್ನ ಕೆಲಸ ನೋಡುವ ಪರೀಕ್ಷೆಯ ದಿನ ಬೆಳಿಗ್ಗೆ ಇಬ್ಬರು ನರ್ಸುಗಳು ರಜೆ ಹಾಕಿದ್ದರು. ಮೊರೀನ್ ನನ್ನ ಜೊತೆ ನಿಂತರು. ಮೂರನೇ ರೋಗಿಗೇ ಹೊತ್ತು ಮೀರುತ್ತ ಬಂದಿತ್ತು.

"ಇವತ್ತೊಂದು ದಿನ ಆ ರಟ್ಟು ಬಳಸು" ಎಂದರು ಸಣ್ಣ ದನಿಯಲ್ಲಿ.

"ಇಲ್ಲ" ಎಂದೆ.

"ಮಹಾದೇವಿ, ನಾನು ನಿನ್ನ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ. ಇನ್ನೊಂದು ಕೆಂಪು ಬಿದ್ದರೆ ನೀನು ಬರಿಗೈಲಿ ಊರಿಗೆ ಹೋಗುತ್ತೀಯ."

"ಹೋಗುತ್ತೇನೆ. ಪಟ್ಟಿ ಕೈಯ ಮೇಲಿದ್ದರೆ ಅದು ಮನುಷ್ಯನದು. ರಟ್ಟಿನ ಮೇಲಿದ್ದರೆ ರಟ್ಟಿನದು. ರಟ್ಟಿಗೆ ನಾನು ಗುಳಿಗೆ ಕೊಡುವುದಿಲ್ಲ."

ಅವರ ಮುಖ ಕೆಂಪೇರಿತು. ಗಾಡಿಯನ್ನು ನನ್ನ ಕೈಯಿಂದ ಎಳೆದುಕೊಂಡರು. ನೋಡು ಹೇಗೆ ಮಾಡುತ್ತಾರೆಂದು, ಎನ್ನುವ ಹಾಗೆ ರಟ್ಟಿನ ಮೇಲೆ ಟಾಮ್ ಎಂಬವನ ಪಟ್ಟಿ ಸ್ಕ್ಯಾನ್ ಮಾಡಿದರು, ಪೊಟ್ಟಣ ಸ್ಕ್ಯಾನ್ ಮಾಡಿದರು. ಹಸಿರು. ಬಟ್ಟಲು ಹಿಡಿದು ಕಿಟಕಿಯ ಪಕ್ಕದ ಟಾಮ್‌ನ ಕುರ್ಚಿಗೆ ಹೋದರು.

ಅವತ್ತು ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಆ ವಾರ್ಡಿನಲ್ಲಿ ಬಿಸಿಲು ಬೀಳುವುದು ಆ ಒಂದು ಕುರ್ಚಿಗೆ ಮಾತ್ರ.

"ಟಾಮ್, ನಿನ್ನ ಗುಳಿಗೆ. ಸರಿಯೇ?"

"ಗ್ರ್ಯಾಂಡ್" ಎಂದ ಮೈಕಲ್ ಅಜ್ಜ, ಕಣ್ಣು ಮುಚ್ಚಿಕೊಂಡೇ, ಬಾಯಿ ತೆರೆದು.

ನಾನು ಓಡಿಹೋಗಿ ಬಟ್ಟಲಿನ ಮೇಲೆ ಅಂಗೈ ಮುಚ್ಚಿದೆ. ಮೊರೀನ್ ಸಿಟ್ಟಿನಿಂದ ತಿರುಗಿದರು. ನಾನು ಅವರನ್ನು ನೋಡಲಿಲ್ಲ.

"ಅಜ್ಜ, ಹೆಸರು ನೀವ ಹೇಳ್ರಿ. ಯಾವೂರು?"

ಕಣ್ಣು ತೆರೆದು ನನ್ನನ್ನು ನೋಡಿದ. "ನಾ ಮೈಕಲ್ ಅಲ್ಲೇನು, ಗುಡ್ಡದಾಚೆಯಂವ. ದಿನಾ ಕೇಳ್ತಿ, ದಿನಾ ಮರೀತಿ."

ಬಟ್ಟಲಿನಲ್ಲಿದ್ದದ್ದು ರಕ್ತ ತೆಳ್ಳಗೆ ಮಾಡುವ ಗುಳಿಗೆ. ಟಾಮ್‌ಗೆ ಬೇಕಾದದ್ದು. ಹೊಟ್ಟೆಯೊಳಗೆ ರಕ್ತ ಸೋರಿ ಬಂದ ಮೈಕಲ್‌ಗೆ ಏನಾಗುತ್ತಿತ್ತೆಂದು ನಾನು ಮೊರೀನ್‌ಗೆ ಹೇಳಬೇಕಾಗಿರಲಿಲ್ಲ. ಟಾಮ್ ಬಚ್ಚಲಿನಿಂದ ಬಂದು ತನ್ನ ಕುರ್ಚಿ ಹೋದದ್ದಕ್ಕೆ ಗೊಣಗುತ್ತ ನಿಂತಿದ್ದ.

ಅದೇ ದಿನ, ಮೊರೀನ್ ಕೋಣೆಯಲ್ಲಿ

ಆಮೇಲೆ ಆದದ್ದನ್ನು ಬರೆಯಲಿಕ್ಕೆಂದೇ ನಾನು ಇಷ್ಟೆಲ್ಲ ಬರೆದೆ. ಗೆದ್ದೆ ಎಂದು ಹೇಳಿಕೊಳ್ಳಲಿಕ್ಕಲ್ಲ.

ಮೊರೀನ್ ಕೋಣೆಯ ಬಾಗಿಲು ಹಾಕಿ ಕೂತರು. ಈಗ ಹೇಳುತ್ತಾರೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದು, ಎಂದುಕೊಂಡೆ. ಜೇವರ್ಗಿಯ ಹಿರಿಯ ಸಿಸ್ಟರ್ ಮುಖ ಕಣ್ಣ ಮುಂದೆ ಬಂತು. ಹಾಗೆಂದರೆ ಒಪ್ಪುವುದಿಲ್ಲ ಎಂದು ಬಾಯಲ್ಲಿ ಮಾತು ಸಿದ್ಧಮಾಡಿಕೊಂಡು ನಿಂತೆ. ಅವರು ತಮ್ಮ ಸ್ಕ್ಯಾನರ್ ತೆಗೆದರು. ಅದರಲ್ಲಿ ತಪ್ಪು ದಾಖಲಿಸುವ ಒಂದು ಜಾಗವಿದೆ. ಅದನ್ನು ತೆರೆದು, ರಟ್ಟಿನ ವಿಷಯ, ಕುರ್ಚಿಯ ವಿಷಯ, ಎಲ್ಲ ಬರೆದರು. ಯಾರಿಂದ ಎಂದು ಕೇಳಿದ ಕಡೆ ತಮ್ಮ ಹೆಸರು ಹಾಕಿದರು. ಕಳಿಸುವ ಮುಂಚೆ ನನಗೆ ತೋರಿಸಿ, "ಸರಿಯಾಗಿದೆಯೇ?" ಎಂದರು.

ನಾನು ಸಿದ್ಧಮಾಡಿಕೊಂಡ ಮಾತು ಬೇಕಾಗಲೇ ಇಲ್ಲ. ಬೇರೆಯವರಿಗೆ ಎದುರು ನಿಲ್ಲುವುದು ನನಗೆ ಹುಟ್ಟಾ ಬಂದದ್ದು. ತನ್ನ ತಪ್ಪಿಗೆ ತನ್ನ ಹೆಸರು ಹಾಕುವುದು ಅದಕ್ಕಿಂತ ಕಷ್ಟದ್ದು, ಇದನ್ನು ನಾನು ಹನ್ನೆರಡು ವರ್ಷದಿಂದ ಮಾಡಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಕಾಶೀಬಾಯಿಯ ವಿಷಯ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ, ಅದೂ ನನ್ನ ಸರ್ಟಿಫಿಕೇಟಿಗೆ ಸಹಿ ಹಾಕುವವರ ಮುಂದೆ.

"ಅದನ್ನು ಬರೆದೆಯಾ?" ಎಂದರು.

"ಇಲ್ಲ."

"ಆಕೆ ಇದ್ದಾಳೆಯೇ?"

"ಇದ್ದಾಳೆ."

"ಹಾಗಾದರೆ ಇನ್ನೂ ಹೊತ್ತಿದೆ" ಎಂದು ಎದ್ದು ಚಹಾ ಮಾಡಲು ಹೋದರು. ಆ ರಟ್ಟನ್ನು ಅವತ್ತೇ ಹರಿದು ಹಾಕಿಸಿದರು. ಕೊನೆಯ ದಿನ ಸರ್ಟಿಫಿಕೇಟ್ ಕೊಟ್ಟರು. ಷರಾ ಬರೆಯುವ ಜಾಗದಲ್ಲಿ ಎರಡೇ ಮಾತು ಇದ್ದವು: ‘ಈಕೆ ನಿಧಾನ. ತಿದ್ದಬೇಕಾಗಿಲ್ಲ.’

ಜೇವರ್ಗಿ, ಮತ್ತೆ ಆಳಂದ

ಊರಿಗೆ ಬಂದ ಮೂರನೇ ದಿನ ಜೇವರ್ಗಿ ಬಸ್ಸು ಹತ್ತಿದೆ. ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಎಂದೆ, ಅವನು ಚಿಲ್ಲರೆ ಬಾಕಿ ಇದ್ದರೆ ಕಂಡಕ್ಟರನ್ನು ಕೇಳ್ರಿ ಎಂದ. ಕಾಶೀಬಾಯಿ ತನ್ನ ಮನೆಯ ಅಂಗಳದಲ್ಲಿ ತೊಗರಿ ಬೀಸುತ್ತಿದ್ದಳು. ನಾನು ಯಾರೆಂದು ಆಕೆಗೆ ನೆನಪು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಬರೆಯಲೇ ಎಂದು ಕೇಳಿದರೆ ಹೌದ್ರಿ ಎನ್ನುತ್ತಾಳೆ ಎಂದು ನನಗೆ ಗೊತ್ತಿತ್ತು.

"ಅವತ್ತ ಆಗಿದ್ದು ಬರೀಬೇಕಂತೇನಿ ಅವ್ವಾ. ಏನಂತ ಬರೀಲಿ, ನೀನ ಹೇಳು."

ಬೀಸುವುದು ನಿಲ್ಲಿಸಿ ಕೈ ಒರೆಸಿಕೊಂಡಳು.

"ನನ್ನ ಹೆಸರು ಕಾಶೀಬಾಯಿ ಅಂತ ಬರಿ" ಎಂದಳು. "ಅವತ್ತ ಯಾರೂ ಕೇಳ್ಲಿಲ್ಲ."

ಈಗ ಮೂರೂ ಆಸ್ಪತ್ರೆಗೆ ಸ್ಕ್ಯಾನರ್ ಬಂದಿವೆ. ಕಲಿಸುವುದು ನಾನೇ. ಹುಟ್ಟಿದ ದಿನಾಂಕ ಕೇಳುವ ಕಡೆ ಊರು ಮತ್ತು ತಾಯಿಯ ಹೆಸರು ಹಾಕಿಸಿದ್ದೇನೆ. ಹಾಗೆ ಬದಲಿಸಲು ಬರುವುದಿಲ್ಲ ಎಂದಿದ್ದ ಇಂಜಿನಿಯರನಿಗೆ ಒಂದು ಇಡೀ ವಾರ್ಡಿನ ಜೂನ್ ಒಂದುಗಳನ್ನು ತೋರಿಸಿದೆ, ಬದಲಿಸಲು ಬಂತು. ಶುರುವಾದ ಮೊದಲ ದಿನ, ಎಲ್ಲ ನರ್ಸುಗಳ ಮುಂದೆ, ತಪ್ಪು ದಾಖಲಿಸುವ ಜಾಗ ತೆರೆದು ಮೊದಲನೆಯದನ್ನು ನಾನೇ ಬರೆದೆ.

ಮಧ್ಯಾಹ್ನಕ್ಕೆಲ್ಲ ಸೆಕ್ರೆಟರಿ ಸಾಹೇಬರ ಕರೆ ಬಂತು. ಮೇಜಿನ ಮೇಲೆ ನನ್ನ ಸರ್ಟಿಫಿಕೇಟ್ ಇತ್ತು.

"ಇದರಾಗ ನಿಧಾನ ಅಂತ ಬರ್ದಾರಲ್ರಿ ಸಿಸ್ಟರ್."

"ನಿಧಾನನ ಅದೀನ್ರಿ."

"ಅದಿರ್ಲಿ. ಇದೇನ್ ಬರ್ದೀರಿ ಮಶೀನ್ದಾಗ? ಹನ್ನೆರಡು ವರ್ಷದ ಹಿಂದಿಂದು. ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಲ್ಲ. ಆಸ್ಪತ್ರಿ ಹೆಸರು ಕೆಡ್ತದ. ತೆಗೀರಿ ಅದನ್ನ."

"ತೆಗೀಲಾಕ ಬರಂಗಿಲ್ರಿ. ಬರಿಯೂ ಜಾಗ ಅದ, ಅಳಸೂ ಜಾಗ ಇಟ್ಟಿಲ್ಲ ಅದರಾಗ."

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಮೂರು ಆಸ್ಪತ್ರೆಯ ಕೆಲಸ ಅವತ್ತೇ ಹೋದರೂ ಹೋಗಬಹುದಿತ್ತು. ನಾನು ಕಣ್ಣು ಕೆಳಗೆ ಮಾಡಲಿಲ್ಲ.

"ಯಾರು ಮಾಡ್ಯಾರಂತ ಹಾಕೀರಿ?" ಎಂದರು ಕೊನೆಗೆ. "ಅವಾಗಿನ ಹಿರೀ ಸಿಸ್ಟರ್ ಹೆಸರ ಹಾಕೀರೇನು?"

"ಇಲ್ರಿ, ನಂದ ಹಾಕೇನಿ. ಮಹಾದೇವಿ, ಊರು ನರೋಣಾ."